ಕೆಂದಿ ಯಾಕೆ ಮಲಗುತ್ತಿಲ್ಲ

ಬೆಳಿಗ್ಗೆ ಹಾಕಿದ ಹುಲ್ಲು ಮಧ್ಯಾಹ್ನವಾದರೂ ಹಾಕಿದ ಹಾಗೇ ಇದೆ. ಬಕೆಟ್ಟಿನ ನೀರು ಒಂದು ಗುಟುಕೂ ಇಳಿದಿಲ್ಲ. ಹಸು ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ನಿಂತಿದೆ. ಹಸು ಸಾಕಿದ ಮನೆಯವರೆಲ್ಲ ಇಂಥದೊಂದು ಮಧ್ಯಾಹ್ನವನ್ನು ನೋಡಿರುತ್ತಾರೆ. ಆಗ ನಾವು ಮಾಡುವುದೂ ಒಂದೇ. ಅಜೀರ್ಣ ಇರಬೇಕು ಅಂದುಕೊಂಡು ನಮ್ಮ ಕೆಲಸಕ್ಕೆ ಹೋಗುತ್ತೇವೆ.

ಟೈಲರ್ ಕೂಡ ಅದನ್ನೇ ಮಾಡಿದ.

ಅವನ ಮನೆಯ ಮುಂದಿನ ಕೋಣೆ ಹೊಲಿಗೆ ಅಂಗಡಿ. ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಅದರಾಚೆ ಹಿತ್ತಲು. ಮೂರು ತಿಂಗಳ ಹಿಂದಿನವರೆಗೆ ಆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಪೇರಲೆ ಗಿಡ ಬಿಟ್ಟರೆ ಬೇರೇನೂ ಇರಲಿಲ್ಲ. ಗಂಡನಿಗಾಗಲಿ ಹೆಂಡತಿಗಾಗಲಿ ಹಸುವಿನ ಬಾಲ ಯಾವ ಕಡೆ ಅನ್ನುವುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆದರೆ ಹೆಂಡತಿಗೆ ಒಂದು ಆಸೆಯಿತ್ತು. ಏಳು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿದು, ಸೊಂಟ ನೋವು ಅಂತ ಬಿಟ್ಟು ಬಂದಿದ್ದಳು. ಗಂಡನ ಅಂಗಡಿಯಲ್ಲಿ ಹುಕ್ಸು, ಗುಂಡಿ ಹಾಕಿಕೊಂಡು ಕೂತಿರುವುದಕ್ಕಿಂತ ತನ್ನದೇ ಅಂತ ಒಂದು ಕೆಲಸ ಬೇಕು ಅನ್ನಿಸಿತ್ತು.

ಅವಳ ಅಕ್ಕ ಮದುವೆಯಾದಾಗಿನಿಂದ ದನ ಸಾಕಿದವಳು. ಗಂಡನ ಮನೆಯಲ್ಲಿ ಎಂಟು ಹಸು. ಅದರಲ್ಲಿ ಮೊದಲ ಸಲ ಗಬ್ಬವಾಗಿದ್ದ ಒಂದು ಕೆಂಚು ಕಡಸನ್ನು ತಂಗಿಗೆ ಕೊಟ್ಟಳು. ಕೊಡುವಾಗಲೇ ಮಾತು ಮುಗಿಸಿದ್ದಳು.

"ಹೆಣ್ಣುಗರು ಹಾಕಿದ್ರೆ ಅದು ನನಗೆ. ಹಸು ನಿಂದೇ. ಆದ್ರೆ ನಿಮ್ಮ ಕೈಲಿ ಸಾಕೋಕೆ ಆಗಲಿಲ್ಲ ಅಂತ ಗೊತ್ತಾದ್ರೆ, ಕೇಳೋದೂ ಇಲ್ಲ, ಹಗ್ಗ ಹಿಡ್ಕೊಂಡು ವಾಪಸ್ ಹೊಡ್ಕೊಂಡು ಹೋಗ್ತೀನಿ."

"ಅತ್ತಿಗೆ, ನಾನು ಕೋಟು ಹೊಲಿಯೋನು. ಒಂದು ಹಸು ಸಾಕೋದು ಯಾವ ಮಹಾ" ಅಂದಿದ್ದ ಟೈಲರ್.

ಆ ಕಡಸಿಗೆ ಕೆಂದಿ ಅಂತ ಹೆಸರಾಯಿತು. ಈಗ ಅದರ ಗಬ್ಬಕ್ಕೆ ಏಳು ತಿಂಗಳು ತುಂಬಿತ್ತು. ಅದೇ ಕೆಂದಿ ಈಗ ಮೂಲೆ ಹಿಡಿದು ನಿಂತಿತ್ತು.

ಸಂಜೆ ಹೆಂಡತಿ ಅಂಗಡಿಯ ಬಾಗಿಲಿಗೆ ಬಂದಳು.

"ರೀ, ಅದು ಬೆಳಿಗ್ಗೆಯಿಂದ ಮಲಗೇ ಇಲ್ಲ."

"ಮಲಗಿದ್ರೆ ಸೋಮಾರಿ ಅಂತೀಯ. ನಿಂತ್ರೆ ಮಲಗಲಿಲ್ಲ ಅಂತೀಯ."

"ತಮಾಷೆ ಬೇಡ. ಮಲಗೋಕೆ ಹೋಗುತ್ತೆ, ಮಂಡಿ ಬಗ್ಗಿಸುತ್ತೆ, ಹೂಂ ಅಂತ ನರಳಿ ಮತ್ತೆ ನಿಂತ್ಕೊಳುತ್ತೆ. ಮೆಲುಕು ಹಾಕ್ತಾ ಇಲ್ಲ. ಮುಂಗಾಲಿನ ಮೊಣಕೈ ಬಂದು ನೋಡಿ, ಕಂಕುಳಲ್ಲಿ ಹುಣ್ಣಾದೋರ ಹಾಗೆ ಆಚೆ ಇಟ್ಕೊಂಡಿದೆ. ಯಾಕೆ ಹಾಗೆ ಮಾಡುತ್ತೆ?"

ಯಾಕೆ ಅಂತ ಟೈಲರ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಅಭ್ಯಾಸವೂ ಇರಲಿಲ್ಲ. ಇಬ್ಬರೂ ಹಿತ್ತಲಿಗೆ ಬರುವಷ್ಟರಲ್ಲಿ ಗೋಡೆಯ ಆಚೆಯಿಂದ ಒಂದು ತಲೆ ಕಾಣಿಸಿತು. ಅದು ಪಕ್ಕದ ಮನೆಯ ಕಂಡಕ್ಟರ್. ಮೂವತ್ತು ವರ್ಷ ಬಸ್ಸಿನಲ್ಲಿ ಸೀಟಿ ಊದಿ ಈಗ ಮನೆಯಲ್ಲಿ ಕೂತವನು. ಅವನು ಸಲಹೆ ಕೊಡದ ವಿಷಯವೇ ಇಲ್ಲ.

"ಹೊಟ್ಟೆ ಉಬ್ಬರ ಕಣಯ್ಯ. ಅರ್ಧ ಸೇರು ಎಣ್ಣೆ ಹುಯ್ಯಿ. ತಲೆ ಎತ್ತಿ ಹಿಡಿ, ಬಾಟ್ಲಿ ಬಾಯಿಗೆ ತುರುಕು. ಆಮೇಲೆ ನಾಲ್ಕು ಸುತ್ತು ಓಡಿಸು. ಗಾಳಿ ಹೋಗುತ್ತೆ, ಕಾಯಿಲೆ ಹೋಗುತ್ತೆ."

"ನೀವು ಹಸು ಸಾಕಿದ್ರಾ ಅಣ್ಣ?" ಅಂತ ಹೆಂಡತಿ ಕೇಳಿದಳು.

"ಸಾಕಬೇಕಾ? ಬಸ್ಸಲ್ಲಿ ಎಷ್ಟು ಜನ ಹಸು ಸಾಕೋರು ಓಡಾಡಿದಾರೆ ಗೊತ್ತಾ ನಿನಗೆ?"

ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಲಹೆ ಕೊಡುವವರ ಕೊಟ್ಟಿಗೆಯಲ್ಲಿ ಹಸು ಇರುವುದಿಲ್ಲ. ಸಾಯುವ ಹಸು ನಮ್ಮದು. ಆದರೂ ನಾವು ಅವರ ಮಾತನ್ನೇ ಕೇಳುತ್ತೇವೆ, ಯಾಕೆಂದರೆ ಅವರು ಗೋಡೆಯ ಪಕ್ಕದಲ್ಲೇ ಇರುತ್ತಾರೆ, ಪಶು ಆಸ್ಪತ್ರೆ ಒಂದೂವರೆ ಮೈಲಿ ದೂರ.

ಟೈಲರ್ ಎಣ್ಣೆ ಹುಯ್ದ. ಅರ್ಧ ಒಳಗೆ, ಅರ್ಧ ಅವನ ಅಂಗಿಯ ಮೇಲೆ. ಕೆಂದಿ ಕೆಮ್ಮಿತು, ಮೂಗಿನಿಂದ ಎಣ್ಣೆ ಸುರಿಸಿತು. ಓಡಿಸಲು ಹೋದರೆ ಎರಡು ಹೆಜ್ಜೆ ಇಟ್ಟು ಕಲ್ಲಿನ ಹಾಗೆ ನಿಂತುಬಿಟ್ಟಿತು. ಆದರೆ ಒಂದು ವಿಷಯವನ್ನು ಹೆಂಡತಿ ಗಮನಿಸಿದಳು. ಹಿತ್ತಲಿನ ಇಳಿಜಾರಿನ ಕಡೆ ಎಳೆದರೆ ಅದು ಬರಲೇ ಇಲ್ಲ. ಏರಿನ ಕಡೆ ಎಳೆದಾಗ ಮೆಲ್ಲಗೆ ಬಂತು.

"ಇಳಿಯೋಕೆ ಯಾಕೆ ಹೆದರುತ್ತೆ ರೀ?"

"ಅದನ್ನೇ ಕೇಳು" ಅಂದ ಟೈಲರ್.

ಮಾರನೆಯ ದಿನ ಅವನಿಗೆ ಒಂದು ಉತ್ತರ ಸಿಕ್ಕಿತು. ಹುಲ್ಲು. ಹೋದ ವಾರ ಬಂದ ಹುಲ್ಲು ಸರಿಯಿಲ್ಲ. ಸೀದಾ ಹುಲ್ಲು ಮಾರುವವನ ಅಡ್ಡೆಗೆ ಹೋದ. ಆತ ಲಾರಿಯಿಂದ ಹೊರೆ ಇಳಿಸುತ್ತಿದ್ದ. ನಾಲ್ಕು ಜನರ ಎದುರು ಟೈಲರ್ ಅವನನ್ನು ಕೊಳಕ, ಮೋಸಗಾರ, ವಿಷ ಮಾರುವವ ಅಂತ ಬಾಯಿಗೆ ಬಂದ ಹಾಗೆ ಬೈದ.

ಹುಲ್ಲಿನವನು ಹೊರೆ ಕೆಳಗಿಟ್ಟ.

"ಅದೇ ಹುಲ್ಲು ನನ್ನ ಎಮ್ಮೆನೂ ತಿಂದಿದೆ. ಬಂದು ನೋಡ್ತೀಯಾ?"

"ನಿನ್ನ ಎಮ್ಮೆ ನಿನ್ನ ಹಾಗೇ, ಏನು ತಿಂದ್ರೂ ಜೀರ್ಣ ಆಗುತ್ತೆ."

ನಾಲ್ಕು ಜನ ನಕ್ಕರು. ಹುಲ್ಲಿನವನು ನಗಲಿಲ್ಲ, ಮತ್ತೆ ಹೊರೆ ಹೊತ್ತುಕೊಂಡ.

ಮೂರನೆಯ ದಿನ ಬೆಳಿಗ್ಗೆ ಕೆಂದಿಯ ಮೈ ಬಿಸಿಯಾಗಿತ್ತು. ಹೆಂಡತಿ ಗಂಡನನ್ನು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಒಂದೂವರೆ ಮೈಲಿ ನಡೆದು ಪಶು ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆದುಕೊಂಡೇ ಬಂದಳು.

ಡಾಕ್ಟರಮ್ಮ ಬಂದವರು ಮೊದಲು ಏನೂ ಮುಟ್ಟಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಐದು ನಿಮಿಷ ಸುಮ್ಮನೆ ಹಸುವನ್ನು ನೋಡಿದರು. ಆಮೇಲೆ ಹೆಂಡತಿಯನ್ನು ಒಂದೊಂದೇ ಕೇಳಿದರು. ಯಾವಾಗಿನಿಂದ ತಿಂದಿಲ್ಲ? ಸಗಣಿ ಹೇಗಿದೆ? ಮೆಲುಕು? ಮಲಗುವಾಗ ನರಳುತ್ತದಾ, ಏಳುವಾಗಲಾ? ಇಳಿಜಾರಿನ ಮಾತು ಕೇಳಿ ಅವರ ಹುಬ್ಬು ಮೇಲೆ ಹೋಯಿತು.

"ಅದನ್ನ ಗಮನಿಸಿದ್ದು ನೀವೇನಾ? ಒಳ್ಳೇ ಕಣ್ಣು ನಿಮ್ಮದು."

ಟೈಲರ್ ಗಂಟಲು ಸರಿಮಾಡಿಕೊಂಡ. "ಎಣ್ಣೆ ಹುಯ್ದಿದೀವಿ ಡಾಕ್ಟ್ರೇ."

"ಯಾರು ಹೇಳಿದ್ದು?"

ಗೋಡೆಯ ಆಚೆಯ ತಲೆ ಕೆಳಗಿಳಿಯಿತು.

"ತಲೆ ಎತ್ತಿ ಹಿಡಿದು ಹುಯ್ದ್ರೆ ಎಣ್ಣೆ ಹೊಟ್ಟೆಗೆ ಹೋಗಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ. ಎಷ್ಟೋ ಹಸು ಕಾಯಿಲೆಯಿಂದ ಅಲ್ಲ, ಬಾಟ್ಲಿಯಿಂದ ಸತ್ತಿದಾವೆ. ಇದರ ಅದೃಷ್ಟ ಚೆನ್ನಾಗಿತ್ತು. ಇನ್ನೊಂದು ಸಲ ಮಾಡಬೇಡಿ."

ಅವರು ಕೆಂದಿಯ ಭುಜದ ಮೇಲಿನ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಹಿಂಡಿದರು. ಚೆನ್ನಾಗಿರುವ ಹಸು ಆಗ ಬೆನ್ನನ್ನು ಕೆಳಕ್ಕೆ ಬಗ್ಗಿಸುತ್ತದಂತೆ. ಕೆಂದಿ ಬಗ್ಗಿಸಲಿಲ್ಲ, ಹೂಂ ಅಂತ ನರಳಿತು. ಆಮೇಲೆ ಬಟ್ಟೆ ಒಣಗಿಸುವ ಬಿದಿರಿನ ಗಳವನ್ನು ತರಿಸಿ, ಹಸುವಿನ ಹೊಟ್ಟೆಯ ಕೆಳಗೆ ಅಡ್ಡ ಹಿಡಿದು, ಒಂದು ತುದಿ ಟೈಲರ್, ಇನ್ನೊಂದು ತುದಿ ಹೆಂಡತಿ ಮೆಲ್ಲಗೆ ಎತ್ತುವ ಹಾಗೆ ಹೇಳಿದರು. ಕೆಚ್ಚಲ ಹತ್ತಿರ ಎತ್ತಿದಾಗ ಏನೂ ಇಲ್ಲ. ಸ್ವಲ್ಪ ಮುಂದೆ, ಏನೂ ಇಲ್ಲ. ಎದೆಯ ಹಿಂದೆ ಎತ್ತಿದ ತಕ್ಷಣ ಕೆಂದಿ ನರಳಿ ಕಾಲು ಝಾಡಿಸಿತು.

"ನೋವು ಇಲ್ಲಿದೆ" ಅಂದರು ಡಾಕ್ಟರಮ್ಮ. "ಏನೋ ಚೂಪಾದ್ದು ನುಂಗಿದೆ. ಮೊಳೆಯೋ ತಂತಿಯೋ."

ಟೈಲರ್ ನಕ್ಕ. "ಮೊಳೆ ತಿನ್ನೋಕೆ ಅದಕ್ಕೇನು ತಲೆ ಕೆಟ್ಟಿದೆಯಾ? ಬಾಯಿಗೆ ಚುಚ್ಚಲ್ವಾ?"

"ನೀವು ಅಗಿದು ನುಂಗ್ತೀರಿ. ಹಸು ನುಂಗಿ ಆಮೇಲೆ ಅಗಿಯುತ್ತೆ. ನಾಲಿಗೇಲಿ ಬಾಚಿ ಒಳಗೆ ಹಾಕ್ಕೊಂಡುಬಿಡುತ್ತೆ, ಪುರಸೊತ್ತಾದಾಗ ವಾಪಸ್ ತಂದು ಮೆಲುಕು ಹಾಕುತ್ತೆ."

"ಆಡು ಹಾಗೆ ಮಾಡಲ್ಲವಲ್ಲ?" ಹೆಂಡತಿಗೆ ಕುತೂಹಲ.

"ಆಡು ತುಟಿಯಲ್ಲಿ ಆರಿಸಿ ತಿನ್ನುತ್ತೆ. ಅದು ನಿಮ್ಮ ಅಂಗಡಿ ಗಿರಾಕಿ ಇದ್ದ ಹಾಗೆ, ಹತ್ತು ಸಲ ಮುಟ್ಟಿ ನೋಡದೆ ಏನೂ ತಗೊಳ್ಳಲ್ಲ. ಹಸು ಪಾಪ, ಕೊಟ್ಟವರನ್ನ ನಂಬಿ ತಿನ್ನುತ್ತೆ."

ಡಾಕ್ಟರಮ್ಮ ಟೈಲರ್‌ನ ಕತ್ತಿನಲ್ಲಿದ್ದ ಅಳತೆ ಟೇಪನ್ನು ನೋಡಿ ಅವನ ಭಾಷೆಯಲ್ಲೇ ಹೇಳಿದರು.

"ಹಸುವಿನ ಹೊಟ್ಟೆ ಒಂದು ದೊಡ್ಡ ಚೀಲ ಅಂದ್ಕೊಳ್ಳಿ. ಅದರ ಮುಂದೆ, ತಳದಲ್ಲಿ, ಒಂದು ಸಣ್ಣ ಜೇಬಿದೆ. ತಿಂದದ್ದರಲ್ಲಿ ಭಾರದ್ದೆಲ್ಲ ಆ ಜೇಬಿಗೆ ಬೀಳುತ್ತೆ. ಜೇಬಿನ ಒಳಮೈ ಜೇನುಗೂಡಿನ ಹಾಗೆ ಗೂಡು ಗೂಡು. ಚೂಪಾದ್ದು ಅಲ್ಲಿ ಸಿಕ್ಕಿಕೊಂಡ್ರೆ, ಹೊಟ್ಟೆ ಹಿಂಡಿದಾಗಲೆಲ್ಲ ಇಷ್ಟಿಷ್ಟೇ ಒಳಕ್ಕೆ ಹೋಗುತ್ತೆ. ಆ ಜೇಬಿನ ಮುಂದೆ ಏನಿದೆ ಗೊತ್ತಾ? ಒಂದು ತೆಳ್ಳನೆ ಪರದೆ. ಅದರಾಚೆ ಗುಂಡಿಗೆ."

ಟೈಲರ್ ನಗುವುದನ್ನು ನಿಲ್ಲಿಸಿದ.

"ಇಳಿಜಾರಿನಲ್ಲಿ ಹೊಟ್ಟೆಯ ಭಾರ ಎಲ್ಲ ಮುಂದಕ್ಕೆ ಬರುತ್ತೆ, ಅದಕ್ಕೇ ಇಳಿಯಲ್ಲ. ಹೊಟ್ಟೇಲಿ ಕರು ಬೇರೆ ಬೆಳೀತಾ ಇದೆ, ಅದೂ ಮುಂದಕ್ಕೇ ತಳ್ಳುತ್ತೆ. ಚುಚ್ಚಿರೋದು ಗುಂಡಿಗೆ ಮುಟ್ಟಿದ್ರೆ ತಾಯಿನೂ ಉಳಿಯಲ್ಲ, ಕರುನೂ ಉಳಿಯಲ್ಲ."

"ಹುಲ್ಲಲ್ಲಿ ಬಂದಿರಬೇಕು. ನಾನು ಹೇಳಲಿಲ್ವಾ, ಆ ಕಳ್ಳ..."

"ನೋಡೋಣ" ಅಂದರು ಡಾಕ್ಟರಮ್ಮ. ಅವರ ಚೀಲದಲ್ಲಿ ಹಗ್ಗಕ್ಕೆ ಕಟ್ಟಿದ ದಪ್ಪ ಅಯಸ್ಕಾಂತವಿತ್ತು. ಹುಲ್ಲಿನ ಬಣವೆಯನ್ನು ಬಿಡಿಸಿ ಬಿಡಿಸಿ ಅದನ್ನು ಆಡಿಸಿದರು. ಕೂದಲೆಳೆಯಷ್ಟು ತಂತಿಯೂ ಅಂಟಲಿಲ್ಲ. ನೆಲದ ಮೇಲೆ ಎಳೆದರು. ತುಕ್ಕು ಹಿಡಿದ ಒಂದು ಹುಕ್ಸು ಅಂಟಿತು, ಅಷ್ಟೇ.

"ಇದು ಯಾವುದರಲ್ಲಿ ತಿನ್ನುತ್ತೆ?"

ಟೈಲರ್ ಎದೆಯುಬ್ಬಿಸಿ ತೋರಿಸಿದ. ಹುಲ್ಲು ನೆಲಕ್ಕೆ ಬಿದ್ದು ತುಳಿದು ಹಾಳಾಗುತ್ತದೆ ಅಂತ ಅವನೇ ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಜೋಲಿಯ ಹಾಗೆ ಒಂದು ಮೇವಿನ ಚೀಲ ಹೊಲಿದಿದ್ದ. ಬಾಯಿಯ ಸುತ್ತ ಹಗ್ಗ ಸೇರಿಸಿ ಆರು ಪದರ ಮಡಚಿದ ಪಟ್ಟಿ, ತಳಕ್ಕೆ ನಾಲ್ಕು ನೆರಿಗೆ. ಬೀದಿಯವರೆಲ್ಲ ಬಂದು ಹೊಗಳಿ ಹೋಗಿದ್ದರು. ನನಗೂ ಒಂದು ಹೊಲಿದುಕೊಡು ಅಂತ ಇಬ್ಬರು ಹೇಳಿದ್ದರು.

ಹೆಂಡತಿ ಆ ಚೀಲವನ್ನೇ ನೋಡುತ್ತಿದ್ದಳು.

"ರೀ, ಇದನ್ನ ಹೊಲಿಯುವಾಗ ಸೂಜಿ ಮುರೀತಲ್ಲ?"

"ಮುರೀತು. ಆರು ಪದರ ಇದೆ, ಮುರಿಯದೆ ಇನ್ನೇನು?"

"ಎಷ್ಟು ಮುರೀತು?"

"ಮೂರೋ ಏನೋ."

"ತುದಿ ಸಿಕ್ತಾ?"

"ಮುರಿದ ಸೂಜಿ ತುದಿ ಇಟ್ಕೊಂಡು ಏನು ಮಾಲೆ ಕಟ್ಲಾ? ಇದೇನು ನಿನ್ನ ಫ್ಯಾಕ್ಟರಿನಾ?"

ಅವಳಿಗೆ ಎಲ್ಲಿತ್ತೋ ಸಿಟ್ಟು, ಡಾಕ್ಟರಮ್ಮನ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿದಳು.

"ನಮ್ಮ ಫ್ಯಾಕ್ಟರೀಲಿ ಒಂದು ಸೂಜಿ ಮುರಿದ್ರೆ ಮೆಷಿನ್ ಬಂದ್. ಚೂರೆಲ್ಲ ಹುಡುಕಿ, ಜೋಡಿಸಿ, ಪುಸ್ತಕಕ್ಕೆ ಅಂಟಿಸಿ ತೋರಿಸೋವರೆಗೂ ಹೊಸ ಸೂಜಿ ಕೊಡಲ್ಲ. ಒಂದು ಚೂರು ಸಿಗಲಿಲ್ಲ ಅಂದ್ರೆ ಆ ಮೂಟೆ ಅಂಗಿನೆಲ್ಲ ತೆಗೆದು ಅಯಸ್ಕಾಂತದ ಮೆಷಿನ್ನಲ್ಲಿ ಹಾಯಿಸ್ತಾರೆ. ಯಾವುದೋ ದೇಶದ ಮಗುಗೆ ಚುಚ್ಚೀತು ಅಂತ. ಏಳು ವರ್ಷ ನೆಲದ ಮೇಲೆ ತೆವಳಿ ಸೂಜಿ ಚೂರು ಹುಡುಕಿದೀನಿ ಡಾಕ್ಟ್ರೇ. ನನ್ನ ಹಸು ಬಾಯಿ ಇಡೋ ಚೀಲದಲ್ಲಿ ಹುಡುಕಲಿಲ್ಲ."

ಟೈಲರ್, "ನಾನು ಹೊಲಿದದ್ದರಲ್ಲಿ ತಪ್ಪಿರಲ್ಲ" ಅಂತ ಗೊಣಗಿ ಚೀಲವನ್ನು ಬಿಚ್ಚಿ ಅಂಗಡಿಯೊಳಗೆ ಒಯ್ದು ಮೊಳೆಗೆ ನೇತುಹಾಕಿದ.

ಡಾಕ್ಟರಮ್ಮ ಬೆರಳುದ್ದದ ಒಂದು ನುಣುಪಾದ ಅಯಸ್ಕಾಂತವನ್ನು ಕೊಳವೆಯಿಂದ ಕೆಂದಿಯ ಗಂಟಲಿಗೆ ಇಳಿಸಿದರು. ಅದು ಹೋಗಿ ಅದೇ ಜೇಬಿನಲ್ಲಿ ಕೂರುತ್ತದೆ, ಜೀವಮಾನವಿಡೀ ಅಲ್ಲೇ ಇರುತ್ತದೆ, ಸಿಕ್ಕ ಕಬ್ಬಿಣವನ್ನೆಲ್ಲ ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಸೂಜಿಮದ್ದು ಕೊಟ್ಟರು. ಮುಂಗಾಲಿನ ಕೆಳಗೆ ಗೇಣೆತ್ತರ ಹಲಗೆ ಹಾಕಿಸಿ, ಎದೆ ಮೇಲಾಗುವ ಹಾಗೆ ನಿಲ್ಲಿಸಿದರು.

"ಎರಡು ದಿನ ನೋಡೋಣ. ಚುಚ್ಚಿಕೊಂಡಿಲ್ಲ ಅಂದ್ರೆ ಇಷ್ಟರಲ್ಲೇ ಸರಿಹೋಗುತ್ತೆ. ಆಗಲೇ ಚುಚ್ಚಿಕೊಂಡಿದ್ರೆ ಅಯಸ್ಕಾಂತ ಎಳೆಯುತ್ತೆ ಅಂತ ಹೇಳೋಕಾಗಲ್ಲ. ಆಗ ಹೊಟ್ಟೆ ತೆರೀಬೇಕು."

ಎರಡು ದಿನ ಕಳೆಯಿತು. ಜ್ವರ ಒಂದಿಷ್ಟು ಇಳಿದು ಮತ್ತೆ ಏರಿತು. ಕೆಂದಿ ಒಂದು ಹಿಡಿ ಹುಲ್ಲು ತಿಂದು ಬಿಟ್ಟಿತು. ಮಲಗಲಿಲ್ಲ. ಐದನೆಯ ದಿನ ಡಾಕ್ಟರಮ್ಮ ಕಾಂಪೌಂಡರ್ ಜೊತೆ ಬರುವ ಹೊತ್ತಿಗೆ ಸರಿಯಾಗಿ ಅಕ್ಕನೂ ಬಂದಿಳಿದಳು. ಕಂಡಕ್ಟರ್ ಫೋನು ಮಾಡಿ ತಿಳಿಸಿದ್ದ. ಅವಳ ಕೈಯಲ್ಲಿ ಹಗ್ಗವಿತ್ತು.

"ಟೈಲರಪ್ಪ, ಕೋಟು ಹೊಲಿದದ್ದು ಮುಗೀತಾ? ಬಿಡು ಹಸುನ. ನಮ್ಮ ಕೊಟ್ಟಿಗೆಗೆ ಬಂದ್ರೆ ತಾನಾಗೇ ಸರಿಹೋಗುತ್ತೆ."

"ಈಗ ಲಾರಿ ಹತ್ತಿಸಿದ್ರೆ ನಿಮ್ಮ ಕೊಟ್ಟಿಗೆಗೆ ಹೆಣ ಬರುತ್ತೆ" ಅಂದರು ಡಾಕ್ಟರಮ್ಮ. "ನಿಮಗೆ ದನ ಗೊತ್ತಲ್ಲ, ತಲೆ ಹಿಡ್ಕೊಳ್ಳಿ. ಮಾತಾಡಿಸ್ತಾ ಇರಿ."

ಅಕ್ಕ ತಂಗಿಯ ಮುಖ ನೋಡಿದಳು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕೆಂದಿಯ ತಲೆ ಹಿಡಿದಳು.

ಎಡಗಡೆಯ ಪಕ್ಕೆಯ ಕೂದಲು ಬೋಳಿಸಿ, ಮರಗಟ್ಟುವ ಮದ್ದು ಚುಚ್ಚಿ, ನಿಂತಿದ್ದ ಹಸುವಿಗೇ ಡಾಕ್ಟರಮ್ಮ ಗೇಣುದ್ದ ಕೊಯ್ದರು. ಮೊದಲು ಚರ್ಮ, ಆಮೇಲೆ ಮಾಂಸದ ಪದರ, ಆಮೇಲೆ ಹೊಟ್ಟೆ. ಹುಳಿ ಹುಲ್ಲಿನ ವಾಸನೆ ಹಿತ್ತಲು ತುಂಬಿತು. ಟೈಲರ್‌ಗೆ ತಲೆ ಸುತ್ತುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನು ಕಣ್ಣು ಕೀಲಿಸಿಕೊಂಡು ಹತ್ತಿರ ಹತ್ತಿರ ಬಂದ. ಜೀವ ಇರುವ ಬಟ್ಟೆಯನ್ನು ಇಷ್ಟು ಪದರ ಪದರವಾಗಿ ಅವನು ಎಂದೂ ನೋಡಿರಲಿಲ್ಲ.

ಡಾಕ್ಟರಮ್ಮ ಹೆಗಲವರೆಗೆ ಕೈ ಒಳಗೆ ಹಾಕಿದರು. ಮೊದಲು ಅಯಸ್ಕಾಂತ ಹೊರಬಂತು. ಅದರ ಮೈಗೆ ಒಂದು ಗುಂಡುಪಿನ್ನು, ಒಂದು ಹುಕ್ಸು, ಒಂದು ಸೂಜಿಯ ತುದಿ ಅಂಟಿತ್ತು. ಮತ್ತೆ ಕೈ ಒಳಗೆ. ಬಹಳ ಹೊತ್ತು ತಡಕಾಡಿದರು.

"ಸಿಕ್ತು. ಗೋಡೆಗೆ ಚುಚ್ಚಿಕೊಂಡಿದೆ."

ಎರಡು ಬೆರಳಿನ ನಡುವೆ ಅದು ಬಂತು. ಉಗುರಿನಷ್ಟುದ್ದ. ಕಾಂಪೌಂಡರ್ ತಟ್ಟೆಯಲ್ಲಿ ತೊಳೆದು ಟೈಲರ್ ಮುಂದೆ ಹಿಡಿದ. ದಾರ ಪೋಣಿಸುವ ಕಣ್ಣಿನ ಹತ್ತಿರ ಮುರಿದ ಹೊಲಿಗೆ ಮೆಷಿನ್ನಿನ ಸೂಜಿ. ಇಪ್ಪತ್ತು ವರ್ಷದಿಂದ ದಿನವೂ ಅವನ ಬೆರಳು ಮುಟ್ಟುವ ಸೂಜಿ.

"ನಂದೇ" ಅಂದ ಟೈಲರ್. "ಹದಿನಾರನೇ ನಂಬರು. ಅಷ್ಟು ದಪ್ಪ ಬಟ್ಟೆಗೆ ಹದಿನೆಂಟು ಹಾಕಬೇಕಿತ್ತು. ಉದಾಸೀನ ಮಾಡಿದೆ."

"ಎಷ್ಟು ಮುರಿದಿತ್ತು ಅಂದ್ರಿ?"

"ಮೂರು."

"ಇಲ್ಲಿ ಎರಡಿದೆ. ಸರಿಯಾಗಿ ನೆನಪು ಮಾಡಿಕೊಂಡು ಹೇಳಿ. ಮೂರೇನಾ?"

"ಮೂರೇ. ಪಟ್ಟಿಯಲ್ಲಿ ಎರಡು, ನೆರಿಗೇಲಿ ಒಂದು."

ಡಾಕ್ಟರಮ್ಮ ಮತ್ತೆ ಕೈ ಹಾಕಿದರು. ಗೂಡು ಗೂಡನ್ನೂ ಬೆರಳಿನಿಂದ ತಡವಿದರು. ಇಲ್ಲ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಆಡಿಸಿದರು. ಇಲ್ಲ. ಹೊಟ್ಟೆ ತೆರೆದೇ ಇದೆ. ಬಹಳ ಹೊತ್ತು ತೆರೆದಿಡುವ ಹಾಗಿಲ್ಲ. ಆ ಮೂರನೆಯದು ಆಚೆ ದಾಟಿಹೋಗಿದ್ದರೆ ಹೊಲಿದು ಮುಚ್ಚಿಯೂ ಪ್ರಯೋಜನವಿಲ್ಲ. ಅಕ್ಕ ಕೆಂದಿಯ ಕಿವಿಯಲ್ಲಿ ಮಾತಾಡುವುದನ್ನು ನಿಲ್ಲಿಸಿದ್ದಳು.

ಹೆಂಡತಿ ಅಲ್ಲಿರಲಿಲ್ಲ. ಅಂಗಡಿಯ ನೆಲದ ಮೇಲೆ ಹೊಲಿಗೆ ಬಿಚ್ಚುವ ಕತ್ತರಿ ಹಿಡಿದು ಕೂತು, ಬೀದಿಯೆಲ್ಲ ಹೊಗಳಿದ್ದ ಆ ಚೀಲವನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚುತ್ತಿದ್ದಳು. ಫ್ಯಾಕ್ಟರಿಯಲ್ಲಿ ಕಲಿತ ಹಾಗೆ ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡಿದ್ದಳು. ಮೊದಲನೇ ನೆರಿಗೆಯಲ್ಲಿ ಹೊಟ್ಟು. ಎರಡನೇದರಲ್ಲಿ ಹೊಟ್ಟು. ಮೂರನೇ ನೆರಿಗೆಯ ಮಡಿಕೆಯಿಂದ ಏನೋ ಬಿಳಿ ಬಟ್ಟೆಯ ಮೇಲೆ ಬಿತ್ತು.

ಅಂಗೈಯಲ್ಲಿ ಅದನ್ನು ಹಿಡಿದು ಹಿತ್ತಲಿಗೆ ಬಂದಳು. ಟೈಲರ್ ಕಸದ ಡಬ್ಬಿಯನ್ನು ಕೆದಕಿ ಸೂಜಿಯ ಬುಡಗಳನ್ನು ತಂದ. ಬುಡಕ್ಕೆ ತುದಿ, ಬುಡಕ್ಕೆ ತುದಿ, ಬುಡಕ್ಕೆ ತುದಿ. ಮೂರೂ ಕೂಡಿದವು.

"ಮುಚ್ಚಬಹುದು" ಅಂದರು ಡಾಕ್ಟರಮ್ಮ.

ಹೊಟ್ಟೆ ಹೊಲಿಯುವಾಗ ಟೈಲರ್‌ಗೆ ತಡೆಯಲಾಗಲಿಲ್ಲ.

"ಅಂಚನ್ನ ಒಳಗೆ ಮಡಚಿ ಹೊಲೀತೀರಲ್ಲ, ಯಾಕೆ?"

"ಸೋರಬಾರದು ಅಂತ. ಮೇಲೆ ಇನ್ನೊಂದು ಸಾಲು ಬರುತ್ತೆ."

"ನಾವೂ ಪ್ಯಾಂಟಿಗೆ ಹಾಗೇ ಮಾಡ್ತೀವಿ, ಬಿಚ್ಚಬಾರದು ಅಂತ. ನಿಮ್ಮ ಕೈ ಚೆನ್ನಾಗಿದೆ."

"ಆಸ್ಪತ್ರೆ ಮುಚ್ಚಿದ್ರೆ ನಿಮ್ಮ ಹತ್ರ ಕೆಲಸ ಕೇಳ್ಕೊಂಡು ಬರ್ತೀನಿ ಬಿಡಿ."

ಚರ್ಮ ಹೊಲಿಯುವ ಮೊದಲು ಡಾಕ್ಟರಮ್ಮ ನಿಂತು, ತಟ್ಟೆಯಲ್ಲಿದ್ದ ತಮ್ಮ ಸೂಜಿಗಳನ್ನೂ ಬಟ್ಟೆ ತುಂಡುಗಳನ್ನೂ ಜೋರಾಗಿ ಎಣಿಸಿದರು. ಕಾಂಪೌಂಡರ್ ಇನ್ನೊಂದು ಸಲ ಎಣಿಸಿದ. ಇಪ್ಪತ್ತು ವರ್ಷ ಅನುಭವವಿದ್ದ ಟೈಲರ್ ತಾನೂ ಬೆರಳು ಮಡಚಿ ಎಣಿಸಿದ.

ಆಮೇಲಿನ ಮೂರು ದಿನ ಎಲ್ಲರೂ ಸರದಿಯ ಮೇಲೆ ಹಿತ್ತಲ ಬಾಗಿಲಲ್ಲೇ ಕೂತರು. ನಾಲ್ಕನೆಯ ದಿನ ಮಧ್ಯಾಹ್ನ ಕೆಂದಿ ಮುಂಗಾಲು ಬಗ್ಗಿಸಿತು. ನರಳಲಿಲ್ಲ. ಮೈಯನ್ನು ಒಂದು ಮಗ್ಗುಲಿಗೆ ಇಳಿಸಿತು. ಸ್ವಲ್ಪ ಹೊತ್ತಿಗೆ ಅದರ ಗಂಟಲಲ್ಲಿ ಒಂದು ಉಂಡೆ ಮೇಲಕ್ಕೆ ಸರಿದದ್ದು ಕಾಣಿಸಿತು, ದವಡೆ ಆಡತೊಡಗಿತು. ಹೆಂಡತಿ ಅಳುತ್ತಾ ನಕ್ಕಳು. ಗೋಡೆಯ ಆಚೆಯಿಂದ ಕಂಡಕ್ಟರ್, "ನಾನು ಅವತ್ತೇ ಅಂದ್ಕೊಂಡೆ, ಇದು ಸೂಜಿನೇ ಅಂತ" ಅಂದ. ಯಾರೂ ಅವನ ಕಡೆ ತಿರುಗಲಿಲ್ಲ.

ಅದೇ ಸಂಜೆ ಟೈಲರ್ ಹುಲ್ಲಿನವನ ಅಡ್ಡೆಗೆ ಹೋದ. ನಾಲ್ಕು ಜನರ ಎದುರು ಬೈದಿದ್ದ, ನಾಲ್ಕು ಜನ ಸೇರುವವರೆಗೆ ಕಾದು, ತಪ್ಪು ನನ್ನದು, ನಿನ್ನ ಹುಲ್ಲಿನದಲ್ಲ ಅಂದ. ಹುಲ್ಲಿನವನು ಪಕ್ಕದ ಹೊರೆಯ ಕಟ್ಟನ್ನು ಮುಟ್ಟಿ ನೋಡಿದ. ಆಮೇಲೆ, "ನಮ್ಮ ಹೊರೆ ಕೆಲವು ಸಲ ತಂತಿಯಲ್ಲಿ ಕಟ್ಟಿ ಬರುತ್ತೆ. ಅದನ್ನ ಕತ್ತರಿಸಿ ಅಲ್ಲೇ ಬಿಸಾಕ್ತೀವಿ. ಅದೂ ಹೀಗೇ ಆಗುತ್ತಾ?" ಅಂತ ಕೇಳಿದ.

"ಆಗುತ್ತೆ."

"ಸರಿ. ಇನ್ಮೇಲೆ ಸಣಬಿನ ಹುರಿ ಹಾಕಿಸ್ತೀನಿ."

ಕೆಂದಿಯ ಪಕ್ಕೆಯ ಹೊಲಿಗೆ ಬಿಚ್ಚುವವರೆಗೂ ಅಕ್ಕ ಅಲ್ಲೇ ಉಳಿದಳು. ಊರಿಗೆ ಹೊರಡುವ ದಿನ ಹಿತ್ತಲನ್ನೆಲ್ಲ ಸುತ್ತಿದಳು. ಚೀಲ ಇದ್ದಲ್ಲಿ ಈಗ ಸಿಮೆಂಟಿನ ತೊಟ್ಟಿ. ಅಂಗಡಿಗೂ ಹಿತ್ತಲಿಗೂ ನಡುವೆ ಬೇರೆ ಬೇರೆ ಪೊರಕೆ. ಹುಲ್ಲು ಹಾಕುವ ಮುಂಚೆ ತಂಗಿ ಅಯಸ್ಕಾಂತ ಆಡಿಸುವುದನ್ನು ನಿಂತು ನೋಡಿದಳು. ಹಗ್ಗದ ಮಾತೆತ್ತಲಿಲ್ಲ. ಆದರೆ ಅವಳ ಮುಖ ಸಣ್ಣದಾಗಿತ್ತು.

"ಯಾಕಕ್ಕ?"

"ಆರು ವರ್ಷದ ಹಿಂದೆ ನನ್ನ ಬಿಳೀದು ಹೀಗೇ ನಿಂತಿತ್ತು ಕಣೇ. ಇದೇ ಗೂನು ಬೆನ್ನು, ಇದೇ ಮೊಣಕೈ. ದೃಷ್ಟಿ ತಾಗಿದೆ ಅಂತ ಸುಮ್ಮನಿದ್ದೆ. ಎದೆ ಕೆಳಗೆ ನೀರು ತುಂಬಿ ಸತ್ತುಹೋಯ್ತು. ಮನೆಗೆ ಹೊಸ ಬೇಲಿ ಹಾಕಿಸಿದ ವರ್ಷ ಅದು. ತಂತಿ ತುಂಡು ಎಲ್ಲ ಕಡೆ ಬಿದ್ದಿತ್ತು." ಕೆಂದಿಯ ಹಣೆ ಸವರಿ ಹೇಳಿದಳು. "ನಿನಗೆ ಬರಲ್ಲ, ನನಗೆ ಬರುತ್ತೆ ಅಂದ್ಕೊಂಡಿದ್ದೆ. ಡಾಕ್ಟರಮ್ಮನ ನಂಬರು ಕೊಡು. ನನ್ನ ಏಳಕ್ಕೂ ಅಯಸ್ಕಾಂತ ಹಾಕಿಸಬೇಕು."

ಎರಡು ತಿಂಗಳಿಗೆ ಕೆಂದಿ ಗಂಡುಗರು ಹಾಕಿತು. ಕರು ಹುಟ್ಟಿದ ಅರ್ಧ ಗಂಟೆಯಲ್ಲೇ ಎದ್ದು ನಿಂತು ತಾಯಿಯ ಕೆಚ್ಚಲು ಹುಡುಕಿತು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಟೈಲರ್ ಇರಲಿಕ್ಕಿಲ್ಲ. ಆದರೆ ನಿಮ್ಮ ಮನೆಯಲ್ಲಿ ಬೇಲಿ ಹಾಕಿರುತ್ತೀರಿ, ಬಾಗಿಲಿಗೆ ಮೊಳೆ ಹೊಡೆದಿರುತ್ತೀರಿ, ಮನೆ ಕಟ್ಟುವಾಗ ಕಂಬಿಗೆ ತಂತಿ ಸುತ್ತಿರುತ್ತೀರಿ. ಆ ಚೂರುಗಳು ಎಲ್ಲಿ ಹೋದವು? ಅದನ್ನು ಇವತ್ತೇ ಹುಡುಕಿ. ಕೊಟ್ಟಿಗೆಯ ಹತ್ತಿರ ಏನಾದರೂ ಕಟ್ಟಿದರೆ, ರಿಪೇರಿ ಮಾಡಿದರೆ, ಕೆಲಸ ಮುಗಿದ ಮೇಲೆ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ, ಮೇವಿನ ಮೇಲೆ ಎಳೆಯಿರಿ. ಹಳೆಯ ಸ್ಪೀಕರಿನಿಂದ ಕಿತ್ತದ್ದಾದರೂ ನಡೆಯುತ್ತದೆ. ಮನೆಯ ಕಸ ಗುಡಿಸಿ ದನದ ಮುಂದೆ ಸುರಿಯಬೇಡಿ. ಹಸುವಿನ ಹೊಟ್ಟೆಯಲ್ಲಿಡುವ ಅಯಸ್ಕಾಂತ ಬೇರೆ ಇದೆ, ಅದನ್ನು ನಿಮ್ಮ ಪಶುವೈದ್ಯರನ್ನು ಕೇಳಿ ಅವರಿಂದಲೇ ಹಾಕಿಸಿ.

ಹಸು ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಇದ್ದಕ್ಕಿದ್ದ ಹಾಗೆ ಹಾಲು ಕಡಿಮೆ ಮಾಡಿ, ಬೆನ್ನು ಗೂನು ಮಾಡಿ ನಿಂತರೆ ಬಾಟ್ಲಿ ಹುಡುಕಬೇಡಿ, ಗೋಡೆಯಾಚೆ ಕೇಳಬೇಡಿ. ಅದೇ ದಿನ ಡಾಕ್ಟರನ್ನು ಕರೆಯಿರಿ. ಮೂರನೆಯ ದಿನ ಅಲ್ಲ, ಅದೇ ದಿನ.

ಹಸು ನೀವು ಹಾಕಿದ್ದನ್ನು ಮುಟ್ಟಿ ನೋಡುವುದಿಲ್ಲ, ಆರಿಸುವುದಿಲ್ಲ, ಅನುಮಾನ ಪಡುವುದಿಲ್ಲ. ಅದರ ಪರವಾಗಿ ಅನುಮಾನ ಪಡುವವರು ಆ ಮನೆಯಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ನೀವಾಗಿ.